ಬಟನ್ ಇರೋ ಸ್ಮಾರ್ಟ್‌ಫೋನ್ ಬೇಕು, ಅದರಲ್ಲಿ ಕನ್ನಡ ಟೈಪ್ ಆಗಬೇಕು. ಇದೆಯಾ?

ತುಮಕೂರ್_ಪ್ಯಾಸೆಂಜರ್ (ಸೋಮವಾರ, ಬೆಳಿಗ್ಗೆ 7:52)

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು ನಾನು. ಸೀಟು ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಬಾಗಿಲ ಹತ್ತಿರ ಒರಗಿ ನಿಲ್ಲೋದು. ಆ ಹೊತ್ತಿನಲ್ಲೇ ನಾನು ಕಥೆ ಬರೆಯೋದು, ಅದೂ ಫೋನ್‌ನಲ್ಲಿ. ರೈಲು ಕುಲುಕಿದಾಗಲೆಲ್ಲ ಬೆರಳು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಕಣ್ಣು ಅರ್ಧ ಹೊತ್ತು ಕೀಬೋರ್ಡ್ ಮೇಲೆ, ಅರ್ಧ ಹೊತ್ತು ಬರೆದದ್ದು ಸರಿ ಇದೆಯಾ ಅಂತ ನೋಡೋದರಲ್ಲಿ. ಕಥೆ ಎಲ್ಲಿ ಉಳಿಯುತ್ತೆ ಹೇಳಿ?

ಹೋದ ತಿಂಗಳು ತಂಗಿಯ ಮದುವೆಗೆ ನೆಂಟರ ಗುಂಪಿಗೆ "ಎಲ್ಲರೂ ಮದುವೆಗೆ ಬನ್ನಿ" ಅಂತ ಕಳಿಸಿದೆ. ಹೋಗಿದ್ದು "ಎಲ್ಲರೂ ಮದುವೆಗೆ ಬೆಣ್ಣೆ". ನಮ್ಮ ದೊಡ್ಡಪ್ಪ ಫೋನ್ ಮಾಡಿ ಎಷ್ಟು ಕೆಜಿ ತರಬೇಕು ಅಂತ ಕೇಳಿದರು.

2009ರಲ್ಲಿ ನನ್ನ ಹತ್ತಿರ ನೋಕಿಯಾ ಇ63 ಇತ್ತು. ಕೆಂಪು ಬಣ್ಣದ್ದು. ಪೂರ್ತಿ ಕೀಬೋರ್ಡ್. ಜೇಬಿನಲ್ಲಿಟ್ಟುಕೊಂಡೇ ಮೆಸೇಜ್ ಬರೀತಿದ್ದೆ, ಒಂದು ತಪ್ಪೂ ಆಗ್ತಿರಲಿಲ್ಲ. ಆ ಥರದ್ದು ಇವತ್ತು ಯಾರಾದರೂ ಮಾಡ್ತಾರಾ? ಮಾಡಿದರೆ ಅದರಲ್ಲಿ ಕನ್ನಡ ಬರೆಯೋಕೆ ಆಗುತ್ತಾ?

ಗೂಗ್ಲಿ_ಗಿರಿ (ಸೋಮವಾರ, 8:03)

ಮ್ಯೂಸಿಯಂನಲ್ಲಿ ವಿಚಾರಿಸಿ ಸಾರ್.

ಸ್ಟ್ರಿಪ್_ಸೀನ (ಸೋಮವಾರ, 8:20)

ಇ63! ಸ್ಪೇಸ್ ಬಾರ್ ಒತ್ತಿ ಹಿಡಿದರೆ ಟಾರ್ಚ್ ಹತ್ತುತ್ತಿತ್ತು, ನೆನಪಿದೆಯಾ? ಕರೆಂಟ್ ಹೋದಾಗ ಕತ್ತಲಲ್ಲಿ ತಡಕಾಡಿ ಒತ್ತಿದರೆ ಸಾಕಿತ್ತು. ಈಗ ಟಾರ್ಚ್ ಹಾಕೋಕೆ ಮೊದಲು ಸ್ಕ್ರೀನ್ ಹುಡುಕಬೇಕು, ಆಮೇಲೆ ಬೆರಳಚ್ಚು, ಆಮೇಲೆ ಮೇಲಿಂದ ಕೆಳಗೆ ಎಳೀಬೇಕು. ಅಷ್ಟರಲ್ಲಿ ಕರೆಂಟೇ ಬಂದಿರುತ್ತೆ.

ಕುಂದಾಪ್ರ_ಕಿಣಿ (ಸೋಮವಾರ, 8:41)

ಹೊಸದು ಬೇಕಾದರೆ ಯೂನಿಹರ್ಟ್ಜ್ ಅಂತ ಶಾಂಘೈನ ಒಂದು ಕಂಪನಿ ಇದೆ ಮಾರಾಯ್ರೆ. 2019ರಲ್ಲಿ ಟೈಟನ್ ಅಂತ ತಂದರು, ಇಟ್ಟಿಗೆ ಹಾಗೆ ಇತ್ತು. 2021ರಲ್ಲಿ ಟೈಟನ್ ಪಾಕೆಟ್, ಮರುವರ್ಷ ಟೈಟನ್ ಸ್ಲಿಮ್, 2025ರಲ್ಲಿ ಟೈಟನ್ 2. ಎಲ್ಲ ಆಂಡ್ರಾಯ್ಡೇ. ಇಲ್ಲಿನ ಅಂಗಡಿಯಲ್ಲಿ ಕೇಳಿದರೆ ಹೆಸರೂ ಗೊತ್ತಿರಲಿಕ್ಕಿಲ್ಲ. ಹೊರಗಿನಿಂದ ತರಿಸಬೇಕು, ಕಸ್ಟಮ್ಸ್ ಬೇರೆ. ಕೆಟ್ಟರೆ ರಿಪೇರಿಗೆ ಯಾರ ಹತ್ತಿರ ಹೋಗ್ತೀರಿ ಅಂತ ಮೊದಲೇ ಯೋಚಿಸಿ.

ಐಫೋನ್ ಇದ್ದರೆ ಕ್ಲಿಕ್ಸ್ ಅಂತ ಒಂದು ಕೇಸ್ 2024ರಲ್ಲಿ ಬಂತು. ಫೋನನ್ನು ಅದರೊಳಗೆ ತೂರಿಸಿದರೆ ಕೆಳಗೆ ಕೀಬೋರ್ಡ್ ನೇತಾಡುತ್ತದೆ. ಫೋನ್ ಮಾತ್ರ ಮೊಳದುದ್ದ ಆಗುತ್ತದೆ.

ತುಮಕೂರ್_ಪ್ಯಾಸೆಂಜರ್ (ಸೋಮವಾರ, 9:10)

@ಕುಂದಾಪ್ರ_ಕಿಣಿ ಧನ್ಯವಾದ. ಐಫೋನ್ ಇಲ್ಲ. ಹೊರಗಿನಿಂದ ತರಿಸೋ ವಿಷಯದಲ್ಲಿ ನನಗೆ ಮೊದಲೇ ಬರೆ ಬಿದ್ದಿದೆ. ಕೆಲವು ವರ್ಷದ ಹಿಂದೆ ಒಂದು ಕಂಪನಿ ಜನರ ಹತ್ತಿರ ಮುಂಗಡ ತಗೊಂಡು ಕೀಬೋರ್ಡ್ ಫೋನ್ ಮಾಡ್ತೀವಿ ಅಂದಿತ್ತು. ದುಡ್ಡು ಕಟ್ಟಿದೆ. ತಿಂಗಳಿಗೊಂದು ಇಮೇಲ್ ಬರುತ್ತಿತ್ತು, "ಸ್ವಲ್ಪ ತಡ" ಅಂತ. ಕೊನೆಗೆ ಇಮೇಲೂ ನಿಂತಿತು.

ಗೂಗ್ಲಿ_ಗಿರಿ (ಸೋಮವಾರ, 9:14)

ನೋಡಿ, ಅದಕ್ಕೇ ಹೇಳಿದ್ದು. ಬೇಡಿಕೆ ಇದ್ದಿದ್ದರೆ ದೊಡ್ಡ ಕಂಪನಿಗಳೇ ಮಾಡುತ್ತಿದ್ದವು. 2007ರಲ್ಲಿ ಐಫೋನ್ ತೋರಿಸುವಾಗಲೇ ಸ್ಟೀವ್ ಜಾಬ್ಸ್ ಈ ಮಾತು ಹೇಳಿದ್ದ. ಪ್ಲಾಸ್ಟಿಕ್ ಬಟನ್ ನಿಮಗೆ ಬೇಕಿರಲಿ ಬೇಡದಿರಲಿ ಅಲ್ಲೇ ಕೂತಿರುತ್ತವೆ, ಬದಲಾಯಿಸೋಕೆ ಆಗಲ್ಲ ಅಂತ. ವಿಡಿಯೋ ನೋಡುವಾಗ ಕೀಬೋರ್ಡ್ ಯಾಕೆ ಬೇಕು? ಮೊದಲ ಟಚ್ ಫೋನ್ ಬಂದ ದಿನವೇ ಬಟನ್ ಕಥೆ ಮುಗೀತು.

ವಾಟರ್‌ಲೂ_ವಾಸು (ಸೋಮವಾರ, 9:35)

ಐಫೋನ್ ಮೊದಲ ಟಚ್ ಫೋನ್ ಅಲ್ಲಪ್ಪ. ಐಬಿಎಂನ ಸೈಮನ್ 1994ರಲ್ಲೇ ಬಂದಿತ್ತು. ಮೊದಲ ಆಂಡ್ರಾಯ್ಡ್ ಫೋನ್ ಗೊತ್ತಲ್ಲ, 2008ರ ಎಚ್‌ಟಿಸಿ ಡ್ರೀಮ್? ಅದರಲ್ಲಿ ಸ್ಕ್ರೀನ್ ಪಕ್ಕಕ್ಕೆ ಸರಿಸಿದರೆ ಒಳಗೆ ಐದು ಸಾಲಿನ ಕೀಬೋರ್ಡ್ ಇತ್ತು. ಅಂದರೆ ಐಫೋನ್ ಬಂದ ಮರುವರ್ಷವೂ ಗೂಗಲ್‌ನವರು ಬಟನ್ ಇಲ್ಲದ ಫೋನ್ ಬಿಡೋಕೆ ಧೈರ್ಯ ಮಾಡಿರಲಿಲ್ಲ.

ನಾನಿರೋದು ಕೆನಡಾದ ವಾಟರ್‌ಲೂನಲ್ಲಿ, ಕೀಬೋರ್ಡ್ ಫೋನ್‌ಗೆ ಹೆಸರಾಗಿದ್ದ ಬ್ಲ್ಯಾಕ್‌ಬೆರಿ ಕಂಪನಿ ಹುಟ್ಟಿದ ಊರು. ಒಂದು ಕಾಲದಲ್ಲಿ ಇಲ್ಲಿ ಯಾವ ರಸ್ತೆ ತಿರುಗಿದರೂ ಅವರದೇ ಕಟ್ಟಡ. ಆಮೇಲೆ ಅದರಲ್ಲಿ ಕೆಲವನ್ನು ವಿಶ್ವವಿದ್ಯಾಲಯವೇ ಕೊಂಡುಕೊಂಡಿತು. ನನ್ನ ಹತ್ತಿರ ಅವರ ಬೋಲ್ಡ್ 9900 ಫೋನ್ ಈಗಲೂ ಇದೆ, 2011ರದ್ದು. ಅದರ ಕೀಲಿಗಳನ್ನು ಸರಿಯಾಗಿ ನೋಡಿ. ಒಂದೊಂದೂ ಚಪ್ಪಟೆ ಅಲ್ಲ, ಓರೆಯಾಗಿ ಕೆತ್ತಿದ್ದಾರೆ. ಎಡಗಡೆಯವು ಒಂದು ಕಡೆಗೆ ವಾಲಿವೆ, ಬಲಗಡೆಯವು ಇನ್ನೊಂದು ಕಡೆಗೆ. ಸಾಲುಗಳ ನಡುವೆ ಲೋಹದ ಸಣ್ಣ ಪಟ್ಟಿ. ಹೆಬ್ಬೆರಳು ಎಲ್ಲಿದೆ ಅಂತ ಹೆಬ್ಬೆರಳಿಗೇ ಗೊತ್ತಾಗುತ್ತೆ, ಕಣ್ಣಿಗೆ ಕೆಲಸ ಇಲ್ಲ. ಗಾಜಿನ ಮೇಲೆ ಇದು ಸಾಧ್ಯವೇ ಇಲ್ಲ. ಎಲ್ಲ ಕಡೆ ಒಂದೇ ನುಣುಪು.

ಇನ್ನು ಇಲ್ಲಿ ಜನವರಿ ಚಳಿ. ಗ್ಲೌಸ್ ತೆಗೆದರೆ ಬೆರಳು ಮರಗಟ್ಟುತ್ತೆ, ಹಾಕಿಕೊಂಡರೆ ಟಚ್ ಕೆಲಸ ಮಾಡಲ್ಲ. ಬಸ್ ಸ್ಟಾಪ್‌ನಲ್ಲಿ ಮೂಗಿನಿಂದ ಫೋನ್ ಎತ್ತಿದವನು ನಾನು.

ಗೂಗ್ಲಿ_ಗಿರಿ (ಸೋಮವಾರ, 9:40)

ಆ 9900ರಲ್ಲಿ ಇವತ್ತು ಏನು ಓಡುತ್ತೆ ಸಾರ್? 😄

ವಾಟರ್‌ಲೂ_ವಾಸು (ಸೋಮವಾರ, 9:44)

ಏನೂ ಇಲ್ಲ. 2022ರ ಜನವರಿ 4ಕ್ಕೆ ಹಳೇ ಬ್ಲ್ಯಾಕ್‌ಬೆರಿಗಳ ಸೇವೆ ನಿಲ್ಲಿಸಿದರು. ಈಗ ಅದು ನನ್ನ ಮಗಳ ಆಟದ ಸಾಮಾನು. ಆದರೂ ಟಕ್ ಟಕ್ ಸದ್ದು ಹಾಗೇ ಇದೆ.

ಮಲೆನಾಡ್_ಮಂಜು (ಸೋಮವಾರ, ಮಧ್ಯಾಹ್ನ 1:15)

ಚಳಿ ಬಿಡಿ, ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಬನ್ನಿ. ತೋಟಕ್ಕೆ ಔಷಧಿ ಹೊಡೆಸುವಾಗ ಕೈಯೆಲ್ಲ ಬೋರ್ಡೋ ದ್ರಾವಣ. ಆಗಲೇ ಮಂಡಿಯಿಂದ ಫೋನ್ ಬರೋದು. ಸ್ಕ್ರೀನ್ ಮೇಲೆ ಎರಡು ಹನಿ ಬಿದ್ದರೆ ಮುಗೀತು. ನಾನು ಎತ್ತೋಕೆ ಎಳೆದರೆ ಅದು ಕಟ್ ಮಾಡುತ್ತೆ. ಒಂದು ಸಲ ತಾನೇ ಯಾರಿಗೋ ವಿಡಿಯೋ ಕಾಲ್ ಹೋಗಿ, ಆ ಕಡೆಯವರು ನನ್ನ ಚಡ್ಡಿ ಅವತಾರ ನೋಡಿದರು.

ಅದಕ್ಕೇ ನಾನು ಎರಡು ಇಟ್ಟುಕೊಂಡಿದ್ದೇನೆ. ಮನೆಗೆ ಟಚ್, ತೋಟಕ್ಕೆ ಕೀಪ್ಯಾಡ್ ಸೆಟ್. ಕೀಪ್ಯಾಡ್‌ದು ಎರಡು ಸಲ ಕೆಸರಿಗೆ ಬಿದ್ದಿದೆ. ಒರೆಸಿ ಜೇಬಿಗೆ ಹಾಕಿದೆ.

ಒತ್ತಕ್ಷರ (ಸೋಮವಾರ, 1:32)

ಇಲ್ಲಿ ಎರಡು ವಿಷಯ ಕಲಸುಮೇಲೋಗರ ಆಗುತ್ತಿದೆ. ನಮ್ಮಲ್ಲಿ "ಕೀಪ್ಯಾಡ್ ಫೋನ್" ಅಂದರೆ ಅಂಕಿ ಬಟನ್‌ನ ಬೇಸಿಕ್ ಸೆಟ್. ಪ್ಯಾಸೆಂಜರ್ ಅವರು ಕೇಳುತ್ತಿರೋದು ಪೂರ್ತಿ ಅಕ್ಷರಗಳ ಕೀಬೋರ್ಡ್ ಇರೋ ಸ್ಮಾರ್ಟ್‌ಫೋನ್.

ಮಲೆನಾಡ್_ಮಂಜು (ಸೋಮವಾರ, 1:36)

ಬಟನ್ ಬಟನ್ನೇ ಅಲ್ವಾ ಮಾರಾಯ.

ನಾಟಿ_ಕೋಳಿ (ಸೋಮವಾರ, 1:50)

ನಡುವೆ ಜಿಯೋದವರೂ ಒಂದು ತಂದಿದ್ದರು. ಜಿಯೋಫೋನ್ 2, 2018ರಲ್ಲಿ, 2,999 ರೂಪಾಯಿ. ನೋಡೋಕೆ ಥೇಟ್ ಬ್ಲ್ಯಾಕ್‌ಬೆರಿ ತಮ್ಮ. ನಮ್ಮ ಮಾವ ತಗೊಂಡಿದ್ದರು. ಅದಕ್ಕೂ ಮುಂಚೆ ಮೈಕ್ರೋಮ್ಯಾಕ್ಸ್‌ನವು, ನೋಕಿಯಾ ಸಿ3. ಕಾಲೇಜಿನಲ್ಲಿ ಸಿ3 ಇದ್ದವನೇ ಹೀರೋ.

ಸ್ಟ್ರಿಪ್_ಸೀನ (ಸೋಮವಾರ, 3:05)

ಊಟ ಮುಗಿಸಿ ಬಂದೆ. ದಾವಣಗೆರೆಯಲ್ಲಿ ಹದಿನೇಳು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ನಾನು ಬಿಚ್ಚಿ ನೋಡಿದ್ದು ಹೇಳುತ್ತೇನೆ, ಆಮೇಲೆ ನೀವು ಹಾಡಿ ಹೊಗಳಿ.

ಬಟನ್ ಕೆಳಗೆ ಏನಿರುತ್ತೆ ಗೊತ್ತಾ? ಒಂದು ತೆಳು ಅಂಟಿನ ಹಾಳೆ. ಅದರಲ್ಲಿ ಕಡಲೆಕಾಳಿಗಿಂತ ಚಿಕ್ಕ ಲೋಹದ ಬಟ್ಟಲುಗಳು ಕವುಚಿ ಕೂತಿರುತ್ತವೆ. ಬಟನ್ ಒತ್ತಿದರೆ ಬಟ್ಟಲು ಟಕ್ ಅಂತ ಬಗ್ಗಿ ಕೆಳಗಿನ ಬೋರ್ಡಿಗೆ ತಾಗುತ್ತೆ, ಬಿಟ್ಟರೆ ಮೇಲೆ ಪುಟಿಯುತ್ತೆ. ನೀವೆಲ್ಲ ಪ್ರೀತಿಸೋ ಆ "ಟಕ್" ಅಂದರೆ ಅದೇ. ಬೆವರು ಇಳಿದರೆ ಬೋರ್ಡ್ ಹಸಿರು ಹಿಡಿಯುತ್ತೆ. ಟೀ ಬಿದ್ದರೆ ಅಂಟುತ್ತೆ. ಜಾಸ್ತಿ ಒತ್ತಿದ ಬಟನ್ ಮೊದಲು ಸಾಯುತ್ತೆ. ಕಂಗ್ಲಿಷ್, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋ ನಮ್ಮ ಜನರ ಫೋನ್‌ನಲ್ಲಿ ಯಾವಾಗಲೂ "ಎ" ಬಟನ್ ಮೊದಲು ಹೋಗುತ್ತಿತ್ತು. ಸುಮ್ನೆ ಹೇಳುತ್ತಿಲ್ಲ, ಅಕ್ಷರ ಅಳಿಸಿ ಬೋಳಾಗಿರೋದು.

ಸ್ಲೈಡ್ ಫೋನ್ ಅಂತೂ ನಮಗೆ ಹಬ್ಬ. ಮೇಲಿನ ಸ್ಕ್ರೀನಿಗೂ ಕೆಳಗಿನ ಬೋರ್ಡಿಗೂ ಒಂದು ಸ್ಟ್ರಿಪ್ ಹೋಗುತ್ತೆ. ದಿನಕ್ಕೆ ನೂರು ಸಲ ತೆಗೆದು ಹಾಕಿದರೆ ಸ್ಟ್ರಿಪ್ ಮಡಚಿ ಮಡಚಿ ಬಿರುಕು ಬಿಡುತ್ತೆ. ಸ್ಕ್ರೀನ್ ಬೆಳ್ಳಗೆ. ನನ್ನ ಅಡ್ಡಹೆಸರು ಅಲ್ಲಿಂದಲೇ ಬಂದದ್ದು. ಬ್ಲ್ಯಾಕ್‌ಬೆರಿಯ ಟ್ರ್ಯಾಕ್‌ಬಾಲ್ ನೆನಪಿದ್ದವರು ಕೈ ಎತ್ತಿ. ಆ ಗೋಲಿಯೊಳಗೆ ಜೇಬಿನ ಧೂಳೆಲ್ಲ ಸೇರಿ, ಮೇಲೆ ಹೋಗುತ್ತೆ, ಕೆಳಗೆ ಬರಲ್ಲ.

ಆದರೆ ಒಂದು ನಿಜ. ಬಟನ್ ಹಾಳೆ ಬದಲಾಯಿಸೋಕೆ ಆಗ ನೂರು, ನೂರೈವತ್ತು ರೂಪಾಯಿ ತಗೋತಿದ್ದೆ. ಈಗ ಕಾಂಬೋ, ಅಂದರೆ ಡಿಸ್‌ಪ್ಲೇ ಮತ್ತು ಟಚ್ ಸೇರಿದ ಸೆಟ್ ಹೋದರೆ ಗಿರಾಕಿಗೆ ರೇಟ್ ಹೇಳೋಕೆ ನನಗೇ ಬಾಯಿ ಬರಲ್ಲ.

ವಾಟರ್‌ಲೂ_ವಾಸು (ಸೋಮವಾರ, 3:20)

🙋‍♂️ ಟ್ರ್ಯಾಕ್‌ಬಾಲ್. ಸ್ಪಿರಿಟ್ ಹಚ್ಚಿ ಹಾಳೆ ಮೇಲೆ ಉಜ್ಜುತ್ತಿದ್ದೆ.

ಲೆಕ್ಕದ_ಮೇಷ್ಟ್ರು (ಸೋಮವಾರ, 4:48)

ಸೀನಣ್ಣ ಹೇಳಿದ್ದು ರಿಪೇರಿ ಕಡೆಯದು. ತಯಾರಿಸೋರ ಕಡೆ ಇನ್ನೊಂದು ಲೆಕ್ಕ ಇದೆ. ಗಾಜಿನ ಫೋನ್ ಒಂದೇ ಅಚ್ಚಿನಲ್ಲಿ ಮಾಡಿ ಇಡೀ ಪ್ರಪಂಚಕ್ಕೆ ಮಾರಬಹುದು. ಕೀಬೋರ್ಡ್ ಇದ್ದರೆ ಫ್ರಾನ್ಸಿಗೆ ಬೇರೆ ಜೋಡಣೆ, ಜರ್ಮನಿಗೆ ಬೇರೆ, ಅರಬ್ಬರಿಗೆ ಬೇರೆ ಅಕ್ಷರ ಅಚ್ಚು ಹಾಕಬೇಕು. ಯಾವ ದೇಶದಲ್ಲಿ ಎಷ್ಟು ಹೋಗುತ್ತೆ ಅಂತ ಮೊದಲೇ ಅಂದಾಜು ಬೇಕು. ಗೋದಾಮಿನಲ್ಲಿ ಉಳಿದ ಫ್ರೆಂಚ್ ಫೋನನ್ನು ಹಾಸನದಲ್ಲಿ ಮಾರೋಕೆ ಆಗಲ್ಲ.

ಇನ್ನು ವೇಗದ ಮಾತು. 2019ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯ ಮತ್ತು ಇತರರು ಸೇರಿ 37,000 ಜನರ ಟೈಪಿಂಗ್ ಅಳೆದರು. ಟಚ್ ಫೋನ್‌ನಲ್ಲಿ ಸರಾಸರಿ ನಿಮಿಷಕ್ಕೆ 36 ಪದ. ಎರಡೂ ಹೆಬ್ಬೆರಳು ಬಳಸೋರು 38. ನನಗೆ ಇಷ್ಟವಾದ ಭಾಗ ಬೇರೆ. ತಾನಾಗೇ ತಿದ್ದೋ ಸೌಲಭ್ಯ ಬಳಸೋರು ಬೇಗ ಬರೆದರು. ಮೇಲೆ ಬರೋ ಪದಗಳಲ್ಲಿ ಆರಿಸಿ ಒತ್ತೋರು ನಿಧಾನವಾದರು. ಪದ ನೋಡಿ, ಓದಿ, ಇದೇನಾ ಅಂತ ತೀರ್ಮಾನ ಮಾಡೋಕೆ ಹೊತ್ತು ಹಿಡಿಯುತ್ತಲ್ಲ.

ಒತ್ತಕ್ಷರ (ಸೋಮವಾರ, 5:10)

ಮೇಷ್ಟ್ರೇ, ಆ ಪ್ರಯೋಗದಲ್ಲಿ ಬರೆಸಿದ್ದು ಇಂಗ್ಲಿಷ್ ವಾಕ್ಯ. ನಮ್ಮ ಗೋಳು ಬೇರೆ. ಕನ್ನಡ ಬರೆಯುವಾಗ ತುಂಬಾ ಜನ ಇಂಗ್ಲಿಷ್ ಅಕ್ಷರ ಒತ್ತಿ ಮೇಲೆ ಬರೋ ಕನ್ನಡ ಪದ ಆರಿಸುತ್ತಾರೆ. ಅಂದರೆ ನಿಧಾನವಾದ ದಾರಿಯೇ ನಮಗೆ ಹೆದ್ದಾರಿ. "ಬೆಣ್ಣೆ" ಬಂದಿದ್ದೂ ಅಲ್ಲಿಂದಲೇ.

ಯಾರೂ ಹೇಳದ ಒಂದು ಮಾತು ಹೇಳಿಬಿಡ್ತೀನಿ. ಪ್ಯಾಸೆಂಜರ್ ಅವರೇ, ಬೇಜಾರು ಮಾಡ್ಕೋಬೇಡಿ. ಇ63ರಲ್ಲಿ ನೀವು ಜೇಬಿನಲ್ಲಿಟ್ಟು ಬರೆಯುತ್ತಿದ್ದ ಮೆಸೇಜ್ ಯಾವ ಭಾಷೆಯದು?

ತುಮಕೂರ್_ಪ್ಯಾಸೆಂಜರ್ (ಸೋಮವಾರ, 6:40)

ರೈಲಿನಲ್ಲಿದ್ದೇನೆ, ತಪ್ಪಾದರೆ ಕ್ಷಮಿಸಿ.

ನೀವು ಕೇಳಿದ ಮೇಲೆ ಯೋಚಿಸಿದೆ. ಕಂಗ್ಲಿಷ್. ಎಲ್ಲವೂ ಕಂಗ್ಲಿಷ್. "ಊಟ ಆಯ್ತಾ" ಅನ್ನೋದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದು. ಆ ಫೋನ್‌ನಲ್ಲಿ ಕನ್ನಡ ಬರೆಯೋದಿರಲಿ, ಯಾರಾದರೂ ಕನ್ನಡದಲ್ಲಿ ಕಳಿಸಿದರೆ ಬರೀ ಡಬ್ಬಿ ಡಬ್ಬಿ ಕಾಣುತ್ತಿತ್ತು.

ನಾಟಿ_ಕೋಳಿ (ಸೋಮವಾರ, 6:52)

ಡಬ್ಬಿಗಳು!! ಒಪೆರಾ ಮಿನಿ ಬ್ರೌಸರ್‌ನ ಮಂತ್ರ ಯಾರಿಗೆ ನೆನಪಿದೆ? ವಿಳಾಸದ ಜಾಗದಲ್ಲಿ "ಒಪೆರಾ ಕೋಲನ್ ಕಾನ್ಫಿಗ್" ಅಂತ ಹೊಡೆದು, ಕೆಳಗೆ ಹೋಗಿ, ಕಷ್ಟದ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋದಕ್ಕೆ "ಯೆಸ್" ಕೊಡೋದು. ಆಮೇಲೆ ಕನ್ನಡವೆಲ್ಲ ಚಿತ್ರವಾಗಿ ಬರುತ್ತಿತ್ತು. ಡೇಟಾ ಜಾಸ್ತಿ ತಿನ್ನುತ್ತಿತ್ತು. ಆದರೂ ಮೊದಲ ಸಲ ನನ್ನ ಸಿ3ರಲ್ಲಿ ಕನ್ನಡ ಬ್ಲಾಗ್ ಓದಿದಾಗ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದೆ.

ಒತ್ತಕ್ಷರ (ಸೋಮವಾರ, 7:05)

ಅದೇ ನನ್ನ ಮಾತು. ಬಟನ್ ಫೋನ್‌ಗಳ ಸುವರ್ಣಯುಗ ಅಂತ ನಾವು ಹಾಡೋದು ಇಂಗ್ಲಿಷ್‌ನ ಸುವರ್ಣಯುಗ. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಕಾಣಿಸಿದ್ದು 2012ರಲ್ಲಿ, ಅದರ 4.1 ಆವೃತ್ತಿ ಬಂದಾಗ. ಅಷ್ಟೊತ್ತಿಗೆ ಕೀಬೋರ್ಡ್ ಫೋನ್‌ಗಳು ಮನೆಗೆ ಹೊರಟಿದ್ದವು. ನಮಗೆ ಕನ್ನಡ ಬಂದಿದ್ದು ಗಾಜಿನ ಜೊತೆಗೆ. ಪ್ಲಾಸ್ಟಿಕ್ ಮೇಲೆ ಯಾರೂ ಕನ್ನಡ ಅಕ್ಷರ ಅಚ್ಚು ಹಾಕಿಕೊಡಲಿಲ್ಲ, ಗಾಜಿನ ಮೇಲೆ ಯಾರು ಬೇಕಾದರೂ ಬರೆಯಬಹುದಿತ್ತು.

ಗೂಗ್ಲಿ_ಗಿರಿ (ಸೋಮವಾರ, 7:08)

ಅಂದ್ರೆ ನಾನು ಹೇಳಿದ್ದೇ ಸರಿ ಅಂತಾಯ್ತು. 😎

ಒತ್ತಕ್ಷರ (ಸೋಮವಾರ, 7:11)

ಇಲ್ಲ. ನೀವು ಹೇಳಿದ್ದು ಬೇಡಿಕೆ ಇಲ್ಲ ಅಂತ. ನಾನು ಹೇಳಿದ್ದು ನಮಗೆ ಕೇಳೋ ಅವಕಾಶವೇ ಸಿಗಲಿಲ್ಲ ಅಂತ.

ಶಾರದಾ_ಟೀಚರ್ (ಸೋಮವಾರ, 8:30)

ಇಷ್ಟೆಲ್ಲ ಯಾಕೆ? ಮಾತಾಡಿ ಬರೆಸಿ. 2017ರಿಂದ ಗೂಗಲ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ನಾನು ಶಾಲೆಯ ವರದಿಯನ್ನೆಲ್ಲ ಹಾಗೇ ಬರೆಸುತ್ತೇನೆ. ಒತ್ತಕ್ಷರವೂ ಸರಿ ಬರುತ್ತದೆ. ಪೂರ್ಣವಿರಾಮ ಮಾತ್ರ ನಾನೇ ಹಾಕುತ್ತೇನೆ.

ತುಮಕೂರ್_ಪ್ಯಾಸೆಂಜರ್ (ಸೋಮವಾರ, 8:44)

ಟೀಚರ್, ರೈಲಿನ ಬಾಗಿಲಲ್ಲಿ ನಿಂತು "ಅವಳು ಅವನ ಕೈ ಹಿಡಿದಳು" ಅಂತ ಜೋರಾಗಿ ಹೇಳಿದರೆ ಪಕ್ಕದವರು ಏನಂದುಕೊಳ್ಳುತ್ತಾರೆ?

ಶಾರದಾ_ಟೀಚರ್ (ಸೋಮವಾರ, 8:46)

ಮುಂದೇನಾಯ್ತು ಅಂತ ಕೇಳ್ತಾರೆ.

ಬಿಳಿಕೋಲು (ಸೋಮವಾರ, ರಾತ್ರಿ 9:50)

ನಾನು ಪೂರ್ತಿ ಅಂಧ. ಈ ಚರ್ಚೆಯನ್ನು ಫೋನ್‌ನಲ್ಲಿರೋ ಟಾಕ್‌ಬ್ಯಾಕ್ ಅನ್ನೋ ತಂತ್ರಾಂಶ ಓದಿ ಹೇಳುತ್ತಿದೆ. ನಿಮ್ಮ ಇಮೋಜಿಗಳನ್ನೂ ಓದುತ್ತದೆ, ಸ್ವಲ್ಪ ಕಡಿಮೆ ಮಾಡಿ.

ಆಂಡ್ರಾಯ್ಡ್‌ಗೂ ಮುಂಚೆ ನೋಕಿಯಾ ಸ್ಮಾರ್ಟ್‌ಫೋನ್ ಓಡುತ್ತಿದ್ದ ಸಿಂಬಿಯನ್ ಕಾಲದಲ್ಲಿ ನಮ್ಮವರಿಗೆಲ್ಲ ನೋಕಿಯಾ ಅಂದರೆ ಪ್ರಾಣ. ಅದರಲ್ಲಿ ಟಾಕ್ಸ್ ಅನ್ನೋ ತಂತ್ರಾಂಶ ಹಾಕಿಸಿಕೊಂಡರೆ ಸ್ಕ್ರೀನ್ ಮೇಲಿದ್ದದ್ದೆಲ್ಲ ಕೇಳಿಸುತ್ತಿತ್ತು. ಅಂಕಿ ಐದರ ಮೇಲೆ ಒಂದು ಉಬ್ಬು. ಅದರಿಂದ ಸುತ್ತಲಿನ ಎಂಟೂ ಗೊತ್ತು. ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೆಸೇಜ್.

ಟಚ್ ಬಂದಾಗ ನಾನು ನಿಜವಾಗಿ ಹೆದರಿದ್ದೆ. ಗಾಜಿನ ತುಂಡು ಕೈಗೆ ಕೊಟ್ಟು ಓದು ಅಂದ ಹಾಗಿತ್ತು. ಈಗ ಬರೆಯೋದು ಹೇಗೆ ಅಂದರೆ, ಬೆರಳನ್ನು ಗಾಜಿನ ಮೇಲೆ ಜಾರಿಸುತ್ತಾ ಹೋಗಬೇಕು. ಯಾವ ಅಕ್ಷರದ ಮೇಲಿದೆ ಅಂತ ಅದು ಹೇಳುತ್ತದೆ. ಬೇಕಾದ್ದು ಬಂದಾಗ ಬೆರಳು ಎತ್ತಬೇಕು. ಒಂದು ಪದಕ್ಕೆ ಎಷ್ಟು ಹೊತ್ತು ಅಂತ ಯೋಚಿಸಿ. 2020ರಲ್ಲಿ ಟಾಕ್‌ಬ್ಯಾಕ್‌ನಲ್ಲೇ ಬ್ರೈಲ್ ಕೀಬೋರ್ಡ್ ಕೊಟ್ಟರು, ಗಾಜಿನ ಮೇಲೆ ಆರು ಬೆರಳು. ಕೆಲವರಿಗೆ ಅದು ಹಿಡಿಸಿದೆ.

ಆದರೆ ಒತ್ತಕ್ಷರ ಅವರ ಮಾತು ನನಗೂ ತಾಗಿತು. ಆ ನೋಕಿಯಾ ನನಗೆ ಓದಿ ಹೇಳಿದ್ದು ಬರೀ ಇಂಗ್ಲಿಷ್. ನಮ್ಮ ಅಮ್ಮ ಕನ್ನಡದಲ್ಲಿ ಬರೆದದ್ದನ್ನು ಮೊದಲು ಓದಿ ಹೇಳಿದ ಫೋನ್ ಈ ಗಾಜಿನದ್ದೇ. ಆದ್ದರಿಂದ ನಾನು ಪಕ್ಷ ವಹಿಸಲಾರೆ. ಬ್ಲೂಟೂತ್ ಕೀಬೋರ್ಡ್ ಇಟ್ಟುಕೊಂಡಿದ್ದೇನೆ. "ಎಫ್" ಮತ್ತು "ಜೆ" ಮೇಲೆ ಉಬ್ಬು ಇದೆಯಲ್ಲ, ಅಷ್ಟು ಸಾಕು.

ಗೂಗ್ಲಿ_ಗಿರಿ (ಸೋಮವಾರ, 10:02)

ಇದು ನಾನು ಯೋಚಿಸಿರಲಿಲ್ಲ ಸಾರ್. ಇಮೋಜಿ ನಿಲ್ಲಿಸಿದೆ.

ಒತ್ತಕ್ಷರ (ಮಂಗಳವಾರ, ಬೆಳಿಗ್ಗೆ 6:30)

"ಎಫ್" ಅಂದಿದ್ದಕ್ಕೆ ರಾತ್ರಿಯೆಲ್ಲ ತಲೆಯಲ್ಲಿ ಅದೇ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಮಾಡಿದ ಕೀಲಿಮಣೆ ವಿನ್ಯಾಸದಲ್ಲಿ "ಎಫ್" ಕೀಲಿಯೇ ಒತ್ತು ಕೊಡೋದು. "ಕನ್ನಡ" ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು ಕೀಲಿ, ಮುಗೀತು. ಸ್ವರಕ್ಕೆ ಬೇರೆ ಕೆಲಸ ಇಲ್ಲ, ವ್ಯಂಜನದ ಒಳಗೇ "ಅ" ಇದೆ. ಪದ ಆರಿಸೋ ಗೊಡವೆಯೂ ಇಲ್ಲ. ಒತ್ತಿದ್ದೇ ಬರುತ್ತದೆ.

ಮುಖ್ಯ ವಿಷಯ ಇದು: ಈ ವಿನ್ಯಾಸ ಇಂಗ್ಲಿಷ್‌ನ 26 ಅಕ್ಷರದ ಕೀಲಿಗಳಲ್ಲೇ ಕೂರುತ್ತದೆ. ಮಹಾಪ್ರಾಣಕ್ಕೆ ಶಿಫ್ಟ್. ಟೈಟನ್ ಆಗಲಿ ಹಳೇ ಬ್ಲ್ಯಾಕ್‌ಬೆರಿ ಆಗಲಿ, ಅಕ್ಷರಕ್ಕೆ ಇರೋದು 26 ಕೀಲಿಯೇ. ಕನ್ನಡದ ಅಚ್ಚು ಇಲ್ಲದಿದ್ದರೂ ನಡೆಯುತ್ತೆ.

ನಾಟಿ_ಕೋಳಿ (ಮಂಗಳವಾರ, 7:15)

ಅದು ನುಡಿ ಕೀಬೋರ್ಡ್ ಅಲ್ವಾ? ಕೆ.ಪಿ. ರಾವ್ ಬೇರೆ, ನುಡಿ ಬೇರೆ ಅಂದ್ಕೊಂಡಿದ್ದೆ.

ಒತ್ತಕ್ಷರ (ಮಂಗಳವಾರ, 7:22)

ನುಡಿ ತಂತ್ರಾಂಶದ ಹೆಸರು, ಕನ್ನಡ ಗಣಕ ಪರಿಷತ್ತಿನದು. ಅದರೊಳಗಿನ ವಿನ್ಯಾಸ ಕೆ.ಪಿ. ರಾವ್ ಅವರದನ್ನು ಆಧರಿಸಿದ್ದು. ಸರ್ಕಾರಿ ಕಚೇರಿಗಳಲ್ಲಿ ಬೆರಳಚ್ಚು ಕಲಿತವರಿಗೆಲ್ಲ ಇದೇ ಅಭ್ಯಾಸ.

ಲೆಕ್ಕದ_ಮೇಷ್ಟ್ರು (ಮಂಗಳವಾರ, 7:40)

ನಾನು ಬರಹ ತಂತ್ರಾಂಶದವನು. ಇಂಗ್ಲಿಷ್‌ನಲ್ಲಿ ಉಚ್ಚಾರ ಬರೆದರೆ ಕನ್ನಡ ಬರುತ್ತೆ, ಕಲಿಯೋಕೇನೂ ಇಲ್ಲ. "ಎಫ್" ಒತ್ತಿದರೆ ಒತ್ತು, "ಡಬ್ಲ್ಯೂ" ಒತ್ತಿದರೆ "ಡ" ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಒತ್ತಕ್ಷರ (ಮಂಗಳವಾರ, 7:48)

ಒಂದು ವಾರ ಮೇಷ್ಟ್ರೇ. ಮಗ್ಗಿ ಕಲಿಸಿದವರು ನೀವು, ಇದನ್ನು ಕಲಿಯೋಕೆ ಆಗಲ್ವಾ?

"ಸ್ವಾತಂತ್ರ್ಯ" ನನಗೆ 11 ಕೀಲಿ, ಎರಡು ಸಲ ಶಿಫ್ಟ್ ಬೇರೆ. ಅದನ್ನು ಒಪ್ಪುತ್ತೇನೆ. ಸ್ವಾತಂತ್ರ್ಯ ಸುಲಭಕ್ಕೆ ಸಿಗಲಿಲ್ಲ.

ಮೇಲ್ವಿಚಾರಕ (ಮಂಗಳವಾರ, 8:00)

ನುಡಿ–ಬರಹ ಜಗಳಕ್ಕೆ ಬೇರೆ ಎಳೆ ಇದೆ. ಅಲ್ಲಿ ಈಗಾಗಲೇ 40 ಪುಟ ಆಗಿದೆ. ಇಲ್ಲಿ ಬೇಡ, ದಯವಿಟ್ಟು.

ಕುಂದಾಪ್ರ_ಕಿಣಿ (ಮಂಗಳವಾರ, 9:25)

ಒತ್ತಕ್ಷರ ಹೇಳಿದ್ದು ಕಾಗದದಲ್ಲಿ ಚಂದ. ಆದರೆ ಆಂಡ್ರಾಯ್ಡ್‌ನಲ್ಲಿ ಒಂದು ಕೊಕ್ಕೆ ಇದೆ. ನಾವು ಹಾಕಿಕೊಳ್ಳೋ ಕನ್ನಡ ಕೀಬೋರ್ಡ್ ಆ್ಯಪ್‌ಗಳು ಗಾಜಿನ ಮೇಲೆ ಒತ್ತಿದ್ದನ್ನು ಕನ್ನಡ ಮಾಡುತ್ತವೆ. ನಿಜವಾದ ಬಟನ್ ಒತ್ತಿದರೆ ಆ ಸಂಕೇತವನ್ನು ಆ್ಯಪ್ ಹಿಡಿದುಕೊಂಡು ಬದಲಾಯಿಸಬೇಕು. ಎಲ್ಲ ಆ್ಯಪ್ ಅದನ್ನು ಮಾಡುವುದಿಲ್ಲ. ಸುಮ್ಮನೆ ಇಂಗ್ಲಿಷ್ ಅಕ್ಷರ ಹಾಗೇ ಬಂದು ಬೀಳುತ್ತದೆ.

ಆದ್ದರಿಂದ ಫೋನಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಹೀಗೆ ಮಾಡಿ. ಮನೆಯಲ್ಲಿ ಕಂಪ್ಯೂಟರಿನ ಯುಎಸ್‌ಬಿ ಕೀಬೋರ್ಡ್ ಇದ್ದೇ ಇರುತ್ತದೆ. ಯುಎಸ್‌ಬಿಯನ್ನು ಫೋನಿಗೆ ಸೇರಿಸೋ ಒಂದು ಒಟಿಜಿ ಪಿನ್ ತನ್ನಿ, ಈಗಿರೋ ಫೋನಿಗೇ ಚುಚ್ಚಿ. ನಾಲ್ಕಾರು ಕನ್ನಡ ಆ್ಯಪ್ ಹಾಕಿ ನೋಡಿ. ಅಲ್ಲಿ ಕನ್ನಡ ಬಂದರೆ ಕೀಬೋರ್ಡ್ ಫೋನ್‌ನಲ್ಲೂ ಬರುವ ಸಾಧ್ಯತೆ ಜಾಸ್ತಿ. ಬಾರದಿದ್ದರೆ ದುಡ್ಡು ಉಳಿಯಿತು.

ಸ್ಟ್ರಿಪ್_ಸೀನ (ಮಂಗಳವಾರ, 10:10)

ಒಳ್ಳೇ ಐಡಿಯಾ. ಹಳೇ ಬ್ಲ್ಯಾಕ್‌ಬೆರಿ ಕೀವನ್, ಕೀ2 ಸೆಕೆಂಡ್ಸ್‌ನಲ್ಲಿ ತಗೋಬೇಡಿ ಅಂತಲೂ ಸೇರಿಸಿ. ಅವು 2017, 2018ರವು. ಬ್ಯಾಟರಿ ಸುಸ್ತಾಗಿರುತ್ತೆ, ಆಂಡ್ರಾಯ್ಡ್ ಹಳೇದು. ಇನ್ನು ಇ63 ಥರದ್ದನ್ನು ಫೋನ್ ಆಗಿ ಬಳಸ್ತೀನಿ ಅಂದರೆ ಅದರಲ್ಲಿ 4ಜಿ ಇಲ್ಲ, ಜಿಯೋ ಸಿಮ್ ಹಾಕಿದರೆ ಸುಮ್ಮನೆ ಕೂರುತ್ತೆ. ವಾಟ್ಸಾಪ್ 2017ರಲ್ಲೇ ಸಿಂಬಿಯನ್‌ಗೆ ಟಾಟಾ ಹೇಳಿದೆ. ಮನೆಯಲ್ಲಿ ಟಾರ್ಚ್ ಆಗಿ ಇಟ್ಟುಕೊಳ್ಳಿ.

ಮಲೆನಾಡ್_ಮಂಜು (ಮಂಗಳವಾರ, 1:05)

ನಿನ್ನೆ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಹೊಸ ಟಿಕೆಟ್ ಮೆಷಿನ್ ನೋಡಿದೆ, ಟಚ್‌ದು. ಯುಪಿಐ ಎಲ್ಲ ಬರುತ್ತೆ. ಹೇಗಿದೆ ಅಂತ ಕೇಳಿದೆ. "ದುಡ್ಡು ತಗೊಳ್ಳೋಕೆ ಚೆನ್ನಾಗಿದೆ ಸಾರ್. ಆದರೆ ಹಳೇದರಲ್ಲಿ ಜನರ ಮುಖ ನೋಡಿಕೊಂಡೇ ಟಿಕೆಟ್ ಹೊಡೀತಿದ್ದೆ, ಈಗ ಮೆಷಿನ್ ಮುಖ ನೋಡಬೇಕು" ಅಂದ. ಸುಮ್ಮನೆ ನಿಮಗೆ ಹೇಳೋಣ ಅನ್ನಿಸಿತು.

ಗೂಗ್ಲಿ_ಗಿರಿ (ಮಂಗಳವಾರ, 1:20)

ಮೊದಲು ಬ್ಯಾಟರಿ ತೆಗೆಯೋ ಹಾಗೆ ಇತ್ತು, ಹೆಡ್‌ಫೋನ್ ತೂತು ಇತ್ತು, ಮೆಮೊರಿ ಕಾರ್ಡ್ ಇತ್ತು. ಒಂದೊಂದಾಗಿ ಕಿತ್ತುಕೊಂಡರು. ಕೀಬೋರ್ಡ್‌ಗೆ ನಾನು ಅಳಲ್ಲ, ಆದರೆ ಹೆಡ್‌ಫೋನ್ ತೂತಿಗೆ ಅಳ್ತೀನಿ. ಬ್ಯಾಟರಿ ಆದರೂ ವಾಪಸ್ ಬರಬಹುದು. 2027ರ ಫೆಬ್ರವರಿಯಿಂದ ಬಳಸೋರೇ ಬ್ಯಾಟರಿ ಬದಲಾಯಿಸೋ ಹಾಗಿರಬೇಕು ಅಂತ ಯುರೋಪಿನವರು ಕಾನೂನು ಮಾಡಿದ್ದಾರೆ.

ವಾಟರ್‌ಲೂ_ವಾಸು (ಮಂಗಳವಾರ, 5:55)

ಅದರಲ್ಲೂ ವಿನಾಯಿತಿಗಳಿವೆ, ಜಾಸ್ತಿ ಕುಣಿಯಬೇಡಪ್ಪ.

ಕೀಬೋರ್ಡ್ ಕೇಸ್ ಬಗ್ಗೆ ಒಂದು ಹಳೇ ಕಥೆ. 2014ರಲ್ಲೇ ಟೈಪೋ ಅಂತ ಒಂದು ಕಂಪನಿ ಐಫೋನಿಗೆ ಕೀಬೋರ್ಡ್ ಕೇಸ್ ತಂದಿತ್ತು. ನೋಡೋಕೆ ಬ್ಲ್ಯಾಕ್‌ಬೆರಿಯದೇ ತದ್ರೂಪು. ಬ್ಲ್ಯಾಕ್‌ಬೆರಿಯವರು ಕೋರ್ಟಿಗೆ ಹೋಗಿ ಮಾರಾಟಕ್ಕೆ ತಡೆ ತಂದರು. ಫೋನ್ ಮಾರಲಾಗದೆ ಒದ್ದಾಡುತ್ತಿದ್ದ ಕಾಲದಲ್ಲೂ ಕೀಲಿಯ ಆಕಾರ ಬಿಟ್ಟುಕೊಡಲಿಲ್ಲ ನೋಡಿ.

ತುಮಕೂರ್_ಪ್ಯಾಸೆಂಜರ್ (ಭಾನುವಾರ, ಬೆಳಿಗ್ಗೆ 11:30)

ಕಿಣಿಯವರು ಹೇಳಿದ್ದು ಮಾಡಿದೆ. ಎಸ್‌ಪಿ ರೋಡಿನಲ್ಲಿ ಒಟಿಜಿ ಪಿನ್ ತಂದೆ. ಅಡುಗೆಮನೆ ಕಟ್ಟೆ ಮೇಲೆ ಫೋನ್, ಅದಕ್ಕೆ ದೊಡ್ಡ ಕೀಬೋರ್ಡ್. ಹೆಂಡತಿ "ಬ್ಯಾಂಕ್ ಕೌಂಟರ್ ತೆಗೆದ್ರಾ" ಅಂತ ಕೇಳಿದಳು.

ನಾಲ್ಕು ಆ್ಯಪ್ ಹಾಕಿದೆ. ಎರಡರಲ್ಲಿ ಬರೀ ಇಂಗ್ಲಿಷ್. ಒಂದರಲ್ಲಿ ಕನ್ನಡ ಬಂತು, ಆದರೆ ಒತ್ತು ಕೊಟ್ಟ ಕೂಡಲೇ ಹಿಂದಿನ ಅಕ್ಷರ ನುಂಗುತ್ತಿತ್ತು. ನಾಲ್ಕನೆಯದರಲ್ಲಿ ಸರಿಯಾಗಿ ಬಂತು. ಒತ್ತಕ್ಷರ ಅವರ "ಎಫ್" ಕಲಿಯೋಕೆ ಮೂರು ದಿನ ಹಿಡಿಯಿತು. ನಿನ್ನೆ ಒಂದು ಪುಟ ಬರೆದೆ, ಕಿಟಕಿ ಆಚೆ ನೋಡುತ್ತಾ. ಬೆಣ್ಣೆ ಎಲ್ಲೂ ಬರಲಿಲ್ಲ.

ಸದ್ಯಕ್ಕೆ ಹೊಸ ಫೋನ್ ತಗೋತಿಲ್ಲ. ಅಂಗೈಯಗಲದ ಒಂದು ಬ್ಲೂಟೂತ್ ಕೀಬೋರ್ಡ್ ಆರ್ಡರ್ ಮಾಡಿದ್ದೇನೆ. ನಿಂತುಕೊಂಡು ಎರಡನ್ನೂ ಹಿಡಿಯೋದು ಹೇಗೆ ಅಂತ ಇನ್ನೂ ಗೊತ್ತಾಗಿಲ್ಲ. ರಬ್ಬರ್ ಬ್ಯಾಂಡ್ ಕಟ್ಟಿ ನೋಡಬೇಕು.

ಕುಂದಾಪ್ರ_ಕಿಣಿ (ಭಾನುವಾರ, 11:42)

ರಬ್ಬರ್ ಬ್ಯಾಂಡ್! ಕ್ಲಿಕ್ಸ್‌ನವರಿಗಿಂತ ಅಗ್ಗ.

ಬಿಳಿಕೋಲು (ಭಾನುವಾರ, 12:05)

ನಾಲ್ಕನೆಯ ಆ್ಯಪ್ ಹೆಸರು ಖಾಸಗಿಯಾಗಿ ಕಳಿಸಿ. ನನಗೂ ಬೇಕು. ಟಾಕ್‌ಬ್ಯಾಕ್ ಜೊತೆ ಹೊಂದುತ್ತಾ ನೋಡಿ ಹೇಳುತ್ತೇನೆ.

ತುಮಕೂರ್_ಪ್ಯಾಸೆಂಜರ್ (ಭಾನುವಾರ, 12:11)

ಕಳಿಸಿದೆ ಸಾರ್.

ಅಂದಹಾಗೆ ಅಟ್ಟದಲ್ಲಿ ಇ63 ಸಿಕ್ಕಿತು. ಬ್ಯಾಟರಿ ಊದಿದೆ. ಸೀನಣ್ಣ, ಇದಕ್ಕೆ ಬೇರೆ ಬ್ಯಾಟರಿ ಸಿಗುತ್ತಾ?

ಸ್ಟ್ರಿಪ್_ಸೀನ (ಭಾನುವಾರ, 12:30)

ಊದಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಮೊದಲು ಹೊರಗೆ ತೆಗೀರಿ. ಅದಕ್ಕೆ ಬಿಪಿ-4ಎಲ್. ಇ71ಗೂ ಅದೇ. ನನ್ನ ಡ್ರಾಯರ್‌ನಲ್ಲಿ ಎರಡು ಬಿದ್ದಿವೆ. ಬಸ್ಸಿಗೆ ಹಾಕಲಾ?

ತುಮಕೂರ್_ಪ್ಯಾಸೆಂಜರ್ (ಗುರುವಾರ, ಸಂಜೆ 7:20)

ಬಂತು. ಹಾಕಿದೆ. ಕರೆಂಟ್ ಹೋಗೋದನ್ನೇ ಕಾಯ್ತಾ ಇದ್ದೆ. ಈಗ ತಾನೇ ಹೋಯಿತು. ಸ್ಪೇಸ್ ಬಾರ್ ಒತ್ತಿ ಹಿಡಿದೆ.

ಸ್ಟ್ರಿಪ್_ಸೀನ (ಗುರುವಾರ, 7:22)

ಹತ್ತಿತಾ?

ತುಮಕೂರ್_ಪ್ಯಾಸೆಂಜರ್ (ಗುರುವಾರ, 7:22)

ಹತ್ತಿತು.